ಇಪ್ಪತ್ಮೂರನೇ ತಾರೀಖಿನ ಬ್ಯಾಂಡ್

ಪಾಠದ ನಡುವೆ ಫರೀನ್ ಸ್ವಲ್ಪ ಜಾಸ್ತಿ ನಕ್ಕರೆ ಪಕ್ಕದಲ್ಲಿ ಕೂತ ಅಣ್ಣ ಉಮೇರ ಕೆಮ್ಮುತ್ತಿದ್ದ. ಪರದೆಯ ಆಚೆಗಿನವರಿಗೆ ಅವನು ಕಾಣುತ್ತಿರಲಿಲ್ಲ. ಕ್ಯಾಮೆರಾ ಅವಳೊಬ್ಬಳನ್ನೇ ನೋಡುತ್ತಿತ್ತು.

ಅವಳ ಅಬ್ಬಾ ಈ ನೌಕರಿಗೆ ಒಪ್ಪಿದ್ದೇ ಆ ಷರತ್ತಿನ ಮೇಲೆ. ಪರ ಊರಿನ ಗಂಡಸರ ಮುಖ ಪರದೆಯಲ್ಲಿ ಕಾಣುವುದಾದರೆ ಅಣ್ಣ ಜೊತೆಗಿರಬೇಕು. ಉಮೇರನದು ಕಂಪ್ಯೂಟರ್ ರಿಪೇರಿ ಅಂಗಡಿ, ಹಾಗಾಗಿ ಲೈನ್ ನೋಡಿಕೊಳ್ಳುವ ಕೆಲಸವೂ ಅವನ ಪಾಲಿಗೇ ಬಂತು.

ಅದು ೨೦೦೮. ಬೈಲಹೊಂಗಲದ ಸಾಲೆಯ ಒಂದು ಕೋಣೆಯಲ್ಲಿ ಕೂತು ಫರೀನ್ ವಿಡಿಯೋ ಕಾನ್ಫರೆನ್ಸ್‌ನಲ್ಲಿ ಸಾಲಹಳ್ಳಿಯ ಎಂಟನೇ ಇಯತ್ತೆಯ ಮಕ್ಕಳಿಗೆ ಜನ ಗುನುಗುವ ಹಾಡುಗಳ ಇತಿಹಾಸ ಹೇಳುತ್ತಿದ್ದಳು. ಗ್ರಾಮೋಫೋನ್ ಪ್ಲೇಟು, ರೇಡಿಯೋ, ಕ್ಯಾಸೆಟ್ಟು. ಆ ತುದಿಯಲ್ಲಿ ಮಕ್ಕಳನ್ನು ಹಿಡಿದು ಕೂರಿಸುತ್ತಿದ್ದವನು ಗಣಿತದ ಮಾಸ್ತರ ತೌಸೀಫ್. ರಜೆಯಲ್ಲಿ ಅವನು ರಾಮದುರ್ಗದ ತನ್ನ ತಂದೆಯ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದ.

ಇಲ್ಲಿನ ಮಾತು ಅಲ್ಲಿಗೆ ಮುಟ್ಟಲು ಎರಡು ಸೆಕೆಂಡ್ ಬೇಕು. ಅವನ ನಗು ಇಲ್ಲಿಗೆ ಬರಲು ಮತ್ತೆರಡು. ಆ ನಗುವಿಗೆ ಕಾಯುತ್ತ ಕಾಯುತ್ತಲೇ ಫರೀನ್ ಅವನನ್ನು ಪ್ರೀತಿಸಿದಳು. ಉಮೇರನಿಗೆ ಇದು ಗೊತ್ತಾಗಿರಲೇಬೇಕು. ಆದರೆ ಆರು ತಿಂಗಳಾದರೂ ಅವನು ಮನೆಯಲ್ಲಿ ತುಟಿ ಪಿಟ್ಟೆಂದಿರಲಿಲ್ಲ. ಬೈದಿದ್ದರೆ ಅವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಆ ದಿನದ ಪಾಠ, ಸಿನಿಮಾ ಹಾಡು ಮದುವೆ ಬ್ಯಾಂಡಿಗೆ ಬಂದ ಬಗೆ. ತೌಸೀಫ್ ಕ್ಲಾರಿನೆಟ್ ಊದಿ ತೋರಿಸಿದ. ಗಂಟೆ ಹೊಡೆಯಿತು, ಮಕ್ಕಳು ಊಟಕ್ಕೆ ಓಡಿದರು. ಲೈನ್ ಇನ್ನೂ ಹತ್ತು ನಿಮಿಷ ಇರುತ್ತಿತ್ತು.

"ಮೇಡಂ, ಇವತ್ತ ಯಾಕ ಮಾರಿ ಸಣ್ಣದು ಮಾಡೀರಿ? ನಾ ಅಷ್ಟು ಕೆಟ್ಟ ಊದಿದೆನೇನ್ರಿ?"

"ಚಲೋ ಊದಿದ್ರಿ."

"ಹಂಗಾದ್ರ ಒಂದ ಸುದ್ದಿ ಕೇಳ್ರಿ. ಇಪ್ಪತ್ಮೂರಕ್ಕ ನಿಮ್ಮೂರಾಗ ಬ್ಯಾಂಡ್ ಐತಿ. ಸವದತ್ತಿ ಹತ್ತಿ ವ್ಯಾಪಾರಸ್ಥರ ಮದವಿ. ಪ್ಯಾಟಿ ಹಿಂದಿನ ಓಣ್ಯಾಗ, ಬಾಬುಸಾಬರ ಮನಿತನಕ ಮೆರವಣಿಗಿ. ಮುಗಿಸಿ ನಿಮ್ಮ ಮನಿಗೆ ಬರತೇನಿ. ಚಾ ಕುಡಸ್ತೀರಿಲ್ಲೊ?"

ಫರೀನ್ ಪರದೆಯತ್ತ ಬಾಗಿದಳು. ಪಕ್ಕದಲ್ಲಿ ಉಮೇರ ಕೆಮ್ಮಲಿಲ್ಲ.

"ಆ ಬಾಬುಸಾಬರು ನಮ್ಮ ಅಬ್ಬಾ ರೀ," ಎಂದಳು. "ಮದವಿ ನಂದು."

ಮಾತು ಇನ್ನೂ ಮುಟ್ಟಿರಲಿಲ್ಲ. ಪರದೆಯಲ್ಲಿ ತೌಸೀಫ್ ನಗುತ್ತಲೇ ಇದ್ದ, ಕ್ಲಾರಿನೆಟ್ಟನ್ನು ಬಟ್ಟೆಯಿಂದ ಒರೆಸುತ್ತಿದ್ದ. ಆ ನಗುವನ್ನು ಅಲ್ಲೇ ತಡೆದು ನಿಲ್ಲಿಸಬೇಕು ಅನ್ನಿಸಿತು ಅವಳಿಗೆ. ಆಮೇಲೆ ಒರೆಸುವ ಕೈ ನಿಂತಿತು.

"ಯಾವಾಗ ಗಟ್ಟಿ ಆತ್ರಿ?" ಬಟ್ಟೆ ಕೆಳಗಿಟ್ಟು ಕೇಳಿದ.

"ಸೋಮವಾರ ಮಾತಾಡ್ಯಾರ. ನಾಳೆ ನಿಶ್ಚಿತಾರ್ಥ."

"ನಿಮಗ ಒಪ್ಪಿಗಿ ಅದ ಏನ್ರಿ?"

ಉಮೇರನ ಬೆರಳು ಮೌಸ್ ಮೇಲಿತ್ತು. ಒಮ್ಮೆ ಒತ್ತಿದರೆ ಸಾಲಹಳ್ಳಿ ಕಪ್ಪಾಗುತ್ತದೆ. ನಾಳೆ ನಿಶ್ಚಿತಾರ್ಥವಾದರೆ ನೌಕರಿ ಬಿಡಬೇಕು, ಆಮೇಲೆ ಈ ಕೋಣೆಯೂ ಇರುವುದಿಲ್ಲ. ಅಬ್ಬಾ ಹಿಂದೊಮ್ಮೆ ಸಿಟ್ಟಿನಲ್ಲಿ ಚಿಕ್ಕಮ್ಮನನ್ನು ಮನೆಯಿಂದ ಹೊರಗೆ ಹಾಕಿದವರು. ಅವಳ ಹೆಸರನ್ನು ಇವತ್ತಿಗೂ ಯಾರೂ ಎತ್ತುವುದಿಲ್ಲ.

ಫರೀನ್ ಅಣ್ಣನ ಬೆರಳನ್ನು ನೋಡುತ್ತಲೇ ಹೇಳಿದಳು. "ನನಗ ಒಪ್ಪಿಗಿ ಇಲ್ಲ. ನನಗ ನೀವು ಬೇಕು."

ಉಮೇರ ಕುರ್ಚಿ ಎಳೆದ. ಎದ್ದು ಹೊಡೆಯುತ್ತಾನೆ ಅಂದುಕೊಂಡು ಅವಳು ಕಣ್ಣು ಮುಚ್ಚಿದಳು. ಅವನು ಕುರ್ಚಿಯನ್ನು ಸರಿಸಿಕೊಂಡು ಬಂದು ಮೊದಲ ಸಲ ಕ್ಯಾಮೆರಾದ ಮುಂದೆ ಕೂತ.

"ನಾ ಫರೀನ್ ಅಣ್ಣ. ಆರ ತಿಂಗಳಿಂದ ಇಲ್ಲೇ ಬಾಜೂಕ ಅದೇನಿ. ಎಲ್ಲಾ ಕೇಳೇನಿ."

ತೌಸೀಫ್‌ನ ಮುಖ ಬಿಳಿಚಿಕೊಂಡಿತು. ಆದರೂ ಅವನು ತಲೆ ತಗ್ಗಿಸಲಿಲ್ಲ. "ನಾಳೆ ನಸಿಕಲೆ, ಮೊದಲ ಬಸ್ಸಿಗೇ ಬರತೇನ್ರಿ. ನಿಮ್ಮ ಅಬ್ಬಾರ ಮುಂದ ನಾನ ಕೇಳತೇನಿ."

"ನಾಳೆ ಬರಬ್ಯಾಡ್ರಿ."

ಫರೀನ್ ಅಣ್ಣನ ಕಡೆ ತಿರುಗಿದಳು.

"ನಾಳೆ ಸವದತ್ತಿಯವರು ಬರತಾರ," ಎಂದ ಉಮೇರ, ಅದೇ ಒಣ ದನಿಯಲ್ಲಿ. "ಇವತ್ತ ಬರ್ರಿ. ಮೂರು ಗಂಟೆ ಬಸ್ಸಿಗೆ ಹತ್ತಿದ್ರ ಸಂಜೀಕ ಮುಟ್ಟತೀರಿ. ಅಬ್ಬಾ ಏನ ಮಾಡತಾರೋ ನನಗೂ ಗೊತ್ತಿಲ್ಲ. ಅವರ ಮುಂದ ನಾ ನಿಮ್ಮ ಪರ ಒಂದ ಮಾತು ಆಡಂಗಿಲ್ಲ. ನನಗ ಅಷ್ಟು ಧೈರ್ಯ ಇಲ್ಲ. ಬಾಗಲಾ ಅಷ್ಟ ತಗದ ಇಡತೇನಿ."

ಅಣ್ಣನ ಬಾಯಿಂದ ಹೆದರಿಕೆಯ ಮಾತು ಕೇಳಿದ್ದು ಅವಳಿಗೆ ಅದೇ ಮೊದಲು. ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀವು ಬರ್ರಿ," ಎಂದಳು ತೌಸೀಫ್‌ನಿಗೆ. "ನೀವು ಬರೂದರಾಗ ನಾ ಅಬ್ಬಾಗ ಹೇಳಿರತೇನಿ."