ತಾಯಿಹುಳ ಮಲಗಿದ್ದ ಹುತ್ತ

ಬಹುಕಾಲದ ಹಿಂದೆ ಏಳುಕೆರೆಯೆಂಬ ರಾಜ್ಯದಲ್ಲಿ ಕೇತಿಶೆಟ್ಟಿಯೆಂಬ ವರ್ತಕನಿದ್ದ. ಹೆತ್ತವರಿಲ್ಲದ ಅವನನ್ನು ಸಾಕಿದವಳು ಅಕ್ಕ ಮಾಕವ್ವ. ಆ ರಾಜ್ಯಕ್ಕೆ ಬೂದಿಗಣ್ಣನೆಂಬ ಮಾಂತ್ರಿಕ ಬಂದ. ಅವನು ಉಸಿರೂದಿದವರ ಬೆನ್ನ ಮೇಲೆ ಗೆದ್ದಲು ಹುತ್ತ ಕಟ್ಟುತ್ತಿತ್ತು. ಮಾಕವ್ವನ ಬೆನ್ನ ಮೇಲೂ ಕಟ್ಟಿತು, ಒಂದು ಗೇಣೆತ್ತರ. ಹೀಗೇ ಬೆಳೆದರೆ ವರ್ಷದೊಳಗೆ ಅವಳು ಪೂರ್ತಿ ಮಣ್ಣಾಗುವಳೆಂದು ವೈದ್ಯರು ಕೈಚೆಲ್ಲಿದರು.

ಕೇತಿ ಮದ್ದು ಹುಡುಕಿಕೊಂಡು ಕಾಡಿಗೆ ಹೊರಟ. ದಾರಿಯಲ್ಲಿ ಮಾತಾಡುವ ಚಿಪ್ಪುಹಂದಿಯೊಂದು ಸಿಕ್ಕಿತು, ಗೆದ್ದಲು ತಿಂದೇ ಮುದಿಯಾದ ಪ್ರಾಣಿ. ಮೇಲಿನ ಹುಳ ಎಷ್ಟು ಕೊಂದರೂ ಅಷ್ಟೇ, ತಳದಲ್ಲಿ ತಾಯಿಹುಳ ಮಲಗಿದೆ. ಮಲಗಿರುವವರೆಗೆ ಅದಕ್ಕೆ ಬೆಂಕಿ ತಾಗದು, ವಿಷ ಹತ್ತದು, ಮೊದಲು ಎಬ್ಬಿಸಬೇಕು, ಅದಕ್ಕೆ ಮದ್ದು ನನಗೆ ಗೊತ್ತು ಎಂದಿತು.

ಕೇತಿ ಕೇಳಿದ, "ನಿನ್ನ ಮದ್ದಿಗೆ ಹುತ್ತ ಎಷ್ಟು ಇಳಿಯುತ್ತೆ?"

"ಮೊದಲಿಗೆ ಇಳಿಯೋದಿಲ್ಲ ಶೆಟ್ಟರೇ. ಎದ್ದ ತಾಯಿ ಇನ್ನೂ ಹೆಚ್ಚು ಮೊಟ್ಟೆ ಇಡ್ತಾಳೆ. ಎರಡು ಬೆರಳು ಏರಿದರೂ ಏರೀತು."

"ಕಣ್ಣಿಗೆ ಕಾಣದ ಗುಣವನ್ನ ನಾನು ನಂಬೋನಲ್ಲ," ಎಂದು ಕೇತಿ ಮುಂದೆ ನಡೆದ.

ಮೊದಲ ಸಲ ಬೆಂಕಿಹಕ್ಕಿಯ ಕಣ್ಣು ತಪ್ಪಿಸಿ ಅದರ ಗರಿ ತಂದ. ಸವರಿದ್ದೇ ತಡ, ಹುತ್ತ ಉರಿದು ಕುಸಿಯಿತು. ಗೇಣು ಹಾಕಿ ನೋಡಿದರೆ ಉಳಿದದ್ದು ಒಂದೇ ಬೆರಳು. ಕೇತಿ ಊರಿಗೆಲ್ಲ ಹೋಳಿಗೆ ಹಾಕಿಸಿದ. ತಿಂಗಳು ತುಂಬುವುದರೊಳಗೆ ಹುತ್ತ ಎರಡು ಗೇಣಾಯಿತು.

ಎರಡನೇ ಸಲ ಏಳು ಹೆಡೆಯ ಹಾವಿನೊಡನೆ ಸೆಣಸಿ ವಿಷ ತಂದ. ಹುತ್ತ ಬೆನ್ನಿಗೆ ಸಮನಾಯಿತು. ಮತ್ತೆ ಊಟ ಹಾಕಿಸಿದ. ಮತ್ತೆ ಹುತ್ತ ಎದ್ದಿತು, ಈಗ ಮೂರು ಗೇಣು. ಹೊಸ ಹುಳಗಳು ಅದೇ ವಿಷವನ್ನು ಮಜ್ಜಿಗೆಯಂತೆ ಕುಡಿದವು. ಭಾರಕ್ಕೆ ಬಾಗಿದ ಮಾಕವ್ವನಿಗೆ ನೆಲ ಬಿಟ್ಟು ಬೇರೇನೂ ಕಾಣದಾಯಿತು.

ಮೂರನೇ ಸಲ ಕೇತಿ ಚಿಪ್ಪುಹಂದಿಯ ಮುಂದೆ ತಲೆತಗ್ಗಿಸಿ ನಿಂತ. ಅದು ಹಂಗಿಸಲಿಲ್ಲ. ಮೂರು ದಿನ ಗೇಣು ಹಾಕಬಾರದೆಂದು ಮಾತು ತೆಗೆದುಕೊಂಡು ಜೊತೆಗೆ ಬಂತು. ಮೊದಲ ಮಳೆಯ ಹನಿ ಬಿದ್ದಂತೆ ಉಗುರಿನಿಂದ ಹುತ್ತವನ್ನು ತಟ್ಟತೊಡಗಿತು. ಹುತ್ತ ಕಣ್ಣೆದುರೇ ಏರಿತು. ಕೇತಿ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತ. ಮೂರನೇ ದಿನ, ಮಳೆ ಬಂತೆಂದು ತಿಳಿದ ತಾಯಿಹುಳ ಮೇಲೆ ಬಂತು. ಚಿಪ್ಪುಹಂದಿ ನಾಲಿಗೆ ಚಾಚಿ ಒಂದೇ ಏಟಿಗೆ ನುಂಗಿತು. ಬೂದಿಗಣ್ಣನ ಪ್ರಾಣ ಇದ್ದದ್ದು ಅದರಲ್ಲೇ. ಅವನು ನಿಂತಲ್ಲೇ ಪುಡಿಯಾದ, ರಾಜ್ಯದ ಹುತ್ತಗಳೆಲ್ಲ ಉದುರಿದವು.

ಮಾಕವ್ವ ಬದುಕಿದಳು. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಮೂಳೆಯಲ್ಲಿ ಹುಳ ತಿಂದದ್ದು ತಿಂದದ್ದೇ. ಅವಳ ಮುಖ ಕಾಣಬೇಕೆಂದು ಕೇತಿ ನೆಲದ ಮೇಲೆ ಕೂತ.

"ಅಕ್ಕಾ, ಚಿಪ್ಪುಹಂದಿ ಮೊದಲ ದಿನವೇ ಹೇಳಿತ್ತು. ನಾನೇ ಬೇಡ ಅಂದೆ."

ಮಾಕವ್ವ ಬಾಗಿದಲ್ಲಿಂದಲೇ ಅವನ ಮುಖ ನೋಡಿದಳು.

"ಬೆನ್ನು ನಂದಲ್ವೇನೋ ಕೇತಿ. ನನ್ನನ್ನೊಂದು ಮಾತು ಕೇಳಬೇಕಿತ್ತು."

ಅಲ್ಲಿಂದಾಚೆಗೆ ಏಳುಕೆರೆಯ ಜನ ಸುಖವಾಗಿ ಬಾಳಿದರು, ಮಾಕವ್ವನೂ ಬಾಳಿದಳು. ಕೇತಿ ಮಾತ್ರ ಬದುಕಿರುವಷ್ಟು ದಿನವೂ ಅಕ್ಕನೆದುರು ನೆಲದ ಮೇಲೇ ಕೂತ.