ನಾಲ್ಕನೇ ಕೆಂಪು ಚೀಟಿ

ಇದನ್ನು ಹೇಳಲು ನಾನು ಯಾರು ಎಂಬ ಅಳುಕು ಇನ್ನೂ ಹೋಗಿಲ್ಲ. ವಿಜ್ಞಾನ ನನಗೆ ಸಂಜೆ ತರಗತಿಯಲ್ಲಿ ದಕ್ಕಿದಷ್ಟೇ. ತಪ್ಪಿದ್ದರೆ ಕ್ಷಮಿಸಿ. ಆದರೂ ನನ್ನ ಗೆಳತಿ ಒರ್ನೆಲ್ಲಾಳ ಕಥೆಯನ್ನು ಹೇಳದೆ ಇರಲಾರೆ...

“ಇದರ ತಂತಿ ಕಟ್ಟಿದ್ದು ಯಾರು?”

ಇಟಲಿಯ ಪೀಸಾದ ಒಂದು ಪ್ರಯೋಗಾಲಯದೊಳಗೆ ಎಲ್ಲರಿಗೂ ಬಿಳಿ ನಿಲುವಂಗಿ, ಟೋಪಿ, ಮುಖಗವಸು. ಕಾಣುವುದು ಕಣ್ಣು ಮಾತ್ರ. ಈ ಕಣ್ಣುಗಳು ಹೊಸವು.

“ನಾನು,” ಎಂದಳು ಒರ್ನೆಲ್ಲಾ. ಏನು ತಪ್ಪಾಯಿತೋ!

“ಇಷ್ಟು ನೇರವಾದ ಸಾಲು ನಾನು ಎಲ್ಲೂ ನೋಡಿಲ್ಲ ರೀ!”

ಅವನು ದುಚ್ಚೊ. ಮಾಡ್ಯೂಲ್‌ಗಳನ್ನು ಪರೀಕ್ಷಿಸಲು ಸಿಯೆನಾದಿಂದ ಬಂದ ವಿಜ್ಞಾನಿ.

ಅಂಗೈಯಗಲದ ಸಿಲಿಕಾನ್ ಹಾಳೆ, ಅಂಚಿನಲ್ಲಿ ಚಿಪ್‌ಗಳು. ಎರಡನ್ನೂ ಬೆಸೆಯಲು ಕೂದಲಿಗಿಂತ ತೆಳುವಾದ ನಾಲ್ಕು ಸಾವಿರ ತಂತಿಗಳು. ಅದೇ ಒಂದು ಮಾಡ್ಯೂಲ್. ಜಿನೀವಾದಲ್ಲಿ ಕಣಗಳು ಡಿಕ್ಕಿ ಹೊಡೆದಾಗ ಸಿಡಿದ ಚೂರುಗಳು ಯಾವ ದಾರಿ ಹಿಡಿದವು ಎಂದು ಹೇಳುವುದು ಇಂಥ ಸಾವಿರಾರು ಹಾಳೆಗಳೇ.

ಮೂರು ವಾರ ಇಬ್ಬರೂ ಮಧ್ಯಾಹ್ನ ಮೂಲೆಯಂಗಡಿಯಲ್ಲಿ ಕಡಲೆಹಿಟ್ಟಿನ ಬಿಸಿ ಚೆಚೀನಾ ತಿಂದರು. ಒಂದು ಶುಕ್ರವಾರ ಅವಳು ಬಾಯಿಬಿಟ್ಟಳು.

“ನಾನು ಕಾಲೇಜು ಮೆಟ್ಟಿಲು ಹತ್ತಿಲ್ಲ, ಡಾಕ್ಟರೇ. ಹಗಲು ಬೇಕರಿ, ಸಂಜೆ ಶಾಲೆ, ಹಾಗೆ ಕಲಿತವಳು.”

ಅವನು ಅವಳ ಕೈಗಳನ್ನೇ ನೋಡಿದ.

ಸೋಮವಾರ ದುಚ್ಚೊನ ಪರೀಕ್ಷೆಯಲ್ಲಿ ಅವಳ ಮಾಡ್ಯೂಲಿಗೆ ಕೆಂಪು ಚೀಟಿ ಬಿತ್ತು! ಕರೆಂಟ್ ಸೋರಿಕೆ ಹೆಚ್ಚು, ಉಪಯೋಗಕ್ಕಿಲ್ಲ. ಬುಧವಾರ ಇನ್ನೊಂದು. ಶುಕ್ರವಾರ ಮೂರನೆಯದು. ಬೇರೆ ಯಾರದಕ್ಕೂ ಇಲ್ಲ!

ಮೇಲ್ವಿಚಾರಕಿ ಮಿರೆಲ್ಲಾ ಅವಳನ್ನು ಪಕ್ಕಕ್ಕೆ ಕರೆದಳು.

“ಇನ್ನೊಂದು ಬಂದ್ರೆ ನಿನ್ನನ್ನ ತಂತಿ ಕಟ್ಟೋ ಯಂತ್ರದಿಂದ ಎಬ್ಬಿಸ್ಲೇಬೇಕು ಕಣೇ. ನನ್ ಕೈಲಿ ಏನೂ ಇಲ್ಲ.”

ಒರ್ನೆಲ್ಲಾ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಬದುಕಿನಲ್ಲಿ ಅವಳು ನಂಬಿದ್ದು ಇವನ್ನು ಮಾತ್ರ. ‘ಸಂಜೆ ಶಾಲೆಯವಳು ಅಂತ ಗೊತ್ತಾದ ಮೇಲೆ ನನ್ನ ಕೆಲಸದಲ್ಲೂ ಹುಳುಕು ಕಾಣುತ್ತಿದೆಯೇ? ಅಥವಾ... ನಿಜಕ್ಕೂ ನನ್ನ ಕೈಯೇ ಕೆಟ್ಟಿತೇ?’

ಎರಡನೆಯ ಯೋಚನೆಯೇ ಹೆಚ್ಚು ನೋಯಿಸಿತು.

ನಾಲ್ಕನೇ ಮಾಡ್ಯೂಲನ್ನು ಅವಳೇ ದುಚ್ಚೊನ ಬಳಿಗೆ ತಂದಳು.

“ನನ್ನ ಕಣ್ಣೆದುರೇ ಅಳೀರಿ, ಡಾಕ್ಟರೇ.”

“ಒರ್ನೆಲ್ಲಾ, ನನಗೂ ಬೇಜಾರಿದೆ. ಮೂರನ್ನೂ ಎರಡೆರಡು ಸಲ ಅಳೆದೆ...”

“ಅಳೀರಿ!”

ಅವನು ಮಾಡ್ಯೂಲನ್ನು ಕಪ್ಪು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದ. ಮುಚ್ಚಳದ ಪುಟ್ಟ ಕಿಂಡಿ ಸರಿಸಿ ಒಳಗೆ ಇಣುಕಿದ. ಇಣುಕುತ್ತಲೇ ಇದ್ದ. ಆಮೇಲೆ ನಿಟ್ಟುಸಿರಿಟ್ಟು ಪರದೆಯ ಮುಂದೆ ಕೂತ.

ಸೋರಿಕೆಯ ಅಂಕಿ ಏರಿತು. ಏರಿಯೇ ನಿಂತಿತು.

“ನೋಡಿ...” ಅವನ ದನಿ ಉಡುಗಿತ್ತು.

“ಎಲ್ಲಿ?” ಅವಳು ಸಿಟ್ಟಿನಿಂದ ಪೆಟ್ಟಿಗೆಯ ಮೇಲೆ ಬಗ್ಗಿದಳು.

ಅಂಕಿ ಇಳಿಯಿತು!

ಹಿಂದೆ ಸರಿದಳು. ಏರಿತು. ಮತ್ತೆ ಬಗ್ಗಿದಳು. ಇಳಿಯಿತು!

ಒರ್ನೆಲ್ಲಾ ಮೇಲಿದ್ದ ದೀಪವನ್ನು ನೋಡಿದಳು, ತನ್ನ ನೆರಳನ್ನು ನೋಡಿದಳು. ಹೆಬ್ಬೆರಳಿನಿಂದ ಕಿಂಡಿಯನ್ನು ಮುಚ್ಚಿದಳು. ಅಂಕಿ ದಡದಡನೆ ಇಳಿದು, ಒಳ್ಳೆಯ ಮಾಡ್ಯೂಲಿಗೆ ಇರಬೇಕಾದ ಕಡೆ ನಿಂತಿತು.

“ಸಿಲಿಕಾನಿಗೆ ಬೆಳಕು ತಾಗಿದ್ರೂ ಕರೆಂಟ್ ಹುಟ್ಟುತ್ತೆ. ಕತ್ತಲಲ್ಲಿ ಅಳೀಬೇಕು. ಸಂಜೆ ಶಾಲೇಲೂ ಇದನ್ನ ಹೇಳಿಕೊಡ್ತಾರೆ, ಡಾಕ್ಟರೇ.”

ಅವನು ಕಿಂಡಿಯನ್ನು ಎಳೆದು ಮುಚ್ಚಿದ.

“ಬೇರೆಯವರದಕ್ಕೂ ಕಿಂಡಿ ತೆಗೀತೀರಾ?”

“...ಇಲ್ಲ.”

“ನನ್ನದಕ್ಕೆ ಮಾತ್ರ ಯಾಕೆ?”

ಅವನು ನೆಲ ನೋಡಿದ. “ಬೇಕರಿಯಿಂದ ದಣಿದು ಬಂದು ಓದಿದವರ ಕೈ ಅಂತ ಗೊತ್ತಾದ ಮೇಲೆ... ಆ ಸಾಲು ನೋಡ್ದೆ ಇರೋಕಾಗ್ತಿರ್ಲಿಲ್ಲ. ನೋಡ್ತಾ ನೋಡ್ತಾ ಮುಚ್ಚೋದೇ ಮರೀತಿದ್ದೆ. ಒರ್ನೆಲ್ಲಾ, ನಿಮ್ಮನ್ನ ಇಷ್ಟಪಡೋಕೆ ಹೋಗಿ ನಿಮ್ಮ ಅನ್ನಕ್ಕೇ ಕಲ್ಲು ಹಾಕಿಬಿಡ್ತಿದ್ದೆ!”

ಅವಳಿಗೆ ನಗು ಬಂತು. ಜೊತೆಗೇ ಅಳುವೂ. ಮುಖಗವಸು ಎರಡನ್ನೂ ಮುಚ್ಚಿಟ್ಟಿತು.

ಅಂದೇ ಅವನು ಮೂರು ಮಾಡ್ಯೂಲ್‌ಗಳನ್ನೂ ಮತ್ತೆ ಅಳೆದ. ಮೂರೂ ಸರಿಯಿದ್ದವು. ಕೆಂಪು ಚೀಟಿಗಳನ್ನು ಕಿತ್ತು, ತಪ್ಪನ್ನು ತನ್ನ ಹೆಸರಿನಲ್ಲೇ ಬರೆದ.

“ಮೊದಲ ವರ್ಷದ ಹುಡುಗ್ರೂ ಇಂಥ ತಪ್ಪು ಮಾಡಲ್ಲ, ಡಾಕ್ಟರೇ!” ಎಂದು ಮಿರೆಲ್ಲಾ ಎಲ್ಲರಿಗೂ ಕೇಳುವಂತೆ ಗದರಿದಳು. ಆಮೇಲೆ ಒರ್ನೆಲ್ಲಾಳತ್ತ ತಿರುಗಿದಳು. “ನೀನ್ಯಾಕೆ ನಿಂತಿದ್ದೀಯ? ಯಂತ್ರ ಕಾಯ್ತಿದೆ, ಹೋಗೇ.”

ಮಧ್ಯಾಹ್ನ ಮೂಲೆಯಂಗಡಿಯಲ್ಲಿ ಒರ್ನೆಲ್ಲಾ ಚೆಚೀನಾವನ್ನು ಎರಡು ತುಂಡು ಮಾಡಿದಳು. ದೊಡ್ಡದನ್ನು ಅವನತ್ತ ಸರಿಸಿದಳು.

“ಇನ್ಮೇಲೆ ನನ್ನ ಕೆಲಸ ನೋಡ್ಬೇಕು ಅನ್ಸಿದ್ರೆ?”

“ಕಿಂಡಿ ಮುಟ್ಟಲ್ಲ. ಇಲ್ಲಿಗೆ ಬಂದು ನಿಮ್ಮನ್ನೇ ನೋಡ್ತೀನಿ... ಮುಖಗವಸು ಇಲ್ದೆ.”

“ದಿನಾನಾ?”

“ನೀವು ಬೇಡ ಅನ್ನೋವರೆಗೂ.”

“ಹಾಗಾದ್ರೆ ‘ನೀವು’ ಅನ್ನೋದು ಬಿಡು,” ಎಂದಳು ಮೆಲ್ಲಗೆ. “ಬಿಸಿ ಇದೆ, ನಿಧಾನ ತಿನ್ನು.”

ಆ ನಾಲ್ಕನೇ ಮಾಡ್ಯೂಲ್ ಜಿನೀವಾಕ್ಕೆ ಹೋಯಿತು. ಅಲ್ಲಿ ಸಾವಿರಾರು ಹಾಳೆಗಳ ನಡುವೆ ಯಾವ ಸುತ್ತಿನಲ್ಲಿ ಕೂತಿದೆಯೋ, ಅವಳ ತಂತಿಗಳಲ್ಲಿ ಯಾವ ಕಣದ ಸುದ್ದಿ ಹರಿಯುತ್ತದೆಯೋ, ನನಗೆ ಗೊತ್ತಿಲ್ಲ. ಒರ್ನೆಲ್ಲಾಳನ್ನೂ ಕೇಳಿದೆ. ಅವಳಿಗೂ ಗೊತ್ತಿಲ್ಲ.