ಬೆನ್ನು ತಿರುಗಿಸಿದವನಿಗೆ ಒಂದು ಏಟು

"ಒಳಗೆ ಬರಬಹುದಾ?"

ಆ ದನಿ ಕೇಳಿದ್ದೇ ತಡ, ಅವಳ ಕೈಯಲ್ಲಿದ್ದ ದಾಳ ಜಾರಿ ಮೇಜಿನ ಮೇಲೆ ಬಿತ್ತು.

ಬಾಗಿಲಲ್ಲಿ ಅವನು! ಎರಡು ವರ್ಷದ ಹಿಂದೆ ಒಂದು ಮಾತೂ ಹೇಳದೆ ಊರು ಬಿಟ್ಟ ಲಿಫ್ಟ್ ಮೆಕ್ಯಾನಿಕ್. ಅವಳು ಮದುವೆಯಾಗಬೇಕೆಂದುಕೊಂಡಿದ್ದವನು.

"ನಾನೇ ಫೋನ್ ಮಾಡಿ ಕರೆದೆ. ಆಟಕ್ಕೆ ಜನ ಸಾಲದು," ಎಂದರು ಮೇಜಿನ ಎದುರು ಕೂತಿದ್ದ ಅವಳ ಚಿಕ್ಕಮ್ಮ, ಏನೂ ಅರಿಯದವರಂತೆ.

ಅದು ಅವಳ ಕನ್ನಡಕದ ಅಂಗಡಿಯ ಹಿಂದಿನ ಕೋಣೆ. ಪ್ರತಿ ಭಾನುವಾರ ಮಧ್ಯಾಹ್ನ ಗಾಜು ಉಜ್ಜುವ ಯಂತ್ರ ನಿಲ್ಲಿಸಿ, ಚೌಕದ ಹಾಳೆ ಹರಡಿ, ಕಥೆ ಹೇಳುತ್ತಾ ಅವಳು ಆಟ ನಡೆಸುತ್ತಿದ್ದಳು. ಆಡುವವರಿಗೆ ಒಂದೊಂದು ಪಾತ್ರ, ಒಂದೊಂದು ಪುಟ್ಟ ಗೊಂಬೆ. ರಾಕ್ಷಸರೆಲ್ಲ ಅವಳ ಕೈಯಲ್ಲಿ. ಪಾತ್ರ ಸತ್ತರೆ ಗೊಂಬೆಯನ್ನು ಡಬ್ಬಿಯಲ್ಲಿ ಮಲಗಿಸಬೇಕು, ಆಡಿದವರು ಎದ್ದು ಹೋಗಬೇಕು. ಈ ಮೇಜಿನ ಕಟ್ಟಳೆ ಅದು.

'ಬಾ ಮಗನೇ... ಇವತ್ತು ನಿನ್ನನ್ನ ಬಿಡಲ್ಲ!'

ಅವನ ಹಳೆಯ ಪಾತ್ರವಾದ ಕಳ್ಳನ ಗೊಂಬೆಯನ್ನು ಅವಳೇ ತೆಗೆದುಕೊಟ್ಟಳು. ಗುಹೆಯಲ್ಲಿ ರಾಕ್ಷಸನನ್ನು ಬೇಕೆಂದೇ ಅವನ ಮೇಲೆ ಬಿಟ್ಟಳು. ಒಂದು ಗಂಟೆಯಲ್ಲಿ ಕಳ್ಳ ಬಸವಳಿದಿದ್ದ.

"ನನ್ನ ಕಳ್ಳ ಓಡ್ತಾನೆ," ಎಂದ ಅವನು.

"ಓಡೋದು ನಿನಗೆ ಹೊಸದಲ್ಲವಲ್ಲ!" ಅವಳು ಚುಚ್ಚಿದಳು. "ನಿಯಮ ನೆನಪಿದೆಯಾ? ಮುಖ ಕೊಟ್ಟು ಮೆಲ್ಲಗೆ ಹಿಂದೆ ಸರಿದರೆ ಏಟಿಲ್ಲ. ಬೆನ್ನು ತಿರುಗಿಸಿ ಓಡಿದರೆ, ಪಕ್ಕದಲ್ಲಿರೋ ಶತ್ರುಗೆ ಒಂದು ಏಟು ಪುಕ್ಕಟೆ."

"ಗೊತ್ತು. ಆದರೆ ಓಡಿದರೆ ರಾಕ್ಷಸ ನನ್ನ ಹಿಂದೆ ಬರ್ತಾನೆ. ಚಿಕ್ಕಮ್ಮ ಉಳೀತಾರೆ."

"ಓಡಪ್ಪಾ, ಓಡು!" ಎಂದರು ಕೊಡಲಿ ಹಿಡಿದ ವೀರೆಯಾಗಿ ಆಡುತ್ತಿದ್ದ ಚಿಕ್ಕಮ್ಮ.

ರಾಕ್ಷಸನ ಏಟಿಗೆ ಅವಳು ಇಪ್ಪತ್ತು ಮುಖದ ದಾಳ ಎಸೆದಳು; ಅಂಕೆ ದೊಡ್ಡದಾದಷ್ಟೂ ಏಟು ಬಲ. ಹತ್ತೊಂಬತ್ತು!

"ಸತ್ತ!"

ಗೊಂಬೆಯನ್ನು ಡಬ್ಬಿಯಲ್ಲಿ ಮಲಗಿಸಿದಳು. ಎರಡು ವರ್ಷ ಕಾದ ಗಳಿಗೆ ಇದು. ಹೊಟ್ಟೆ ತಣ್ಣಗಾಗಬೇಕಿತ್ತು... ಯಾಕೋ ಆಗಲಿಲ್ಲ.

ಅವನು ಎದ್ದು ನಿಂತ. "ನನ್ನನ್ನ ಹೀಗೆ ಮಲಗಿಸಿದ್ದು ಇದು ಎರಡನೇ ಸಲ."

"ಏನು ಎರಡನೇ ಸಲ?"

"ನಾನು ನಮ್ಮ ಮನೇಲಿ ಮದುವೆ ಮಾತು ಇನ್ನೂ ಎತ್ತಿಲ್ಲ ಅಂತ ಜಗಳ ಆಡಿದ್ದೆಯಲ್ಲ... ಮರುದಿನ ಬೆಳಿಗ್ಗೆ ಕ್ಷಮೆ ಕೇಳೋಕೆ ಬಂದೆ. ನೀನಿರಲಿಲ್ಲ. ಡಬ್ಬಿ ತೆರೆದಿತ್ತು. ನನ್ನ ಗೊಂಬೆ ಮಲಗಿತ್ತು. ಎದ್ದು ಹೋಗು ಅಂತ ತಾನೇ ಅರ್ಥ?"

ಅವಳು ಡಬ್ಬಿಯಿಂದ ಗೊಂಬೆ ಎತ್ತಿ ಅವನ ಕಣ್ಣ ಮುಂದೆ ಹಿಡಿದಳು. ಕಾಲಿನ ಸುತ್ತ ಕೂದಲೆಳೆಯಷ್ಟು ಅಂಟಿನ ಗೆರೆ.

"ಜಗಳದಲ್ಲಿ ನನ್ನ ಕೈ ತಾಗಿ ಬಿದ್ದು ಕಾಲು ಮುರಿದಿತ್ತು ಕಣೋ! ಫ್ರೇಮಿಗೆ ಹಾಕೋ ಅಂಟು ಹಚ್ಚಿ, ಒಣಗಲಿ ಅಂತ ಮಲಗಿಸಿದ್ದೆ... ನೀನು ಬಂದಾಗ ನಿಂತಿರಲಿ ಅಂತ!"

ಅವನು ಆ ಗೆರೆಯನ್ನು ಬೆರಳಿಂದ ಮುಟ್ಟಿ ನೋಡಿದ.

"ಒಂದು ಮಾತು ಕೇಳಬಾರದಿತ್ತಾ?" ಅವಳ ಸಿಟ್ಟು ಈಗ ಇಮ್ಮಡಿಯಾಗಿತ್ತು. "ಗೊಂಬೆ ನೋಡಿ ಊರು ಬಿಡ್ತಾರಾ ಯಾರಾದರೂ? ಎರಡು ವರ್ಷ ಬಾಗಿಲು ನೋಡಿಕೊಂಡು ಕೂತಿದ್ದೆ!"

ಅವನು ಮೇಜು ಬಳಸಿ ಅವಳ ಪಕ್ಕಕ್ಕೆ ಬಂದು, ಬೆನ್ನು ತಿರುಗಿಸಿ ನಿಂತ.

"ಕೇಳದೆ ಓಡಿದ್ದು ನಾನು. ಆವತ್ತಿನ ಏಟು ನಿನ್ನದು. ಹೊಡಿ."

ಹೊಡೆದಳು. ಮುಷ್ಟಿ ಕಟ್ಟಿ, ಇದ್ದ ಶಕ್ತಿಯನ್ನೆಲ್ಲ ಹಾಕಿ! ಅವನು ಮುಗ್ಗರಿಸಿದ. ಇನ್ನೊಮ್ಮೆ ಕೈ ಎತ್ತಿದಳು.

"ಒಂದೇ ಏಟು! ನಿಯಮ ನೀನೇ ಹೇಳಿದ್ದು!" ಚಿಕ್ಕಮ್ಮ ಕೂಗಿದರು.

ಎತ್ತಿದ ಕೈ ಅವನ ಅಂಗಿಯನ್ನು ಹಿಡಿದುಕೊಂಡಿತು. ಅವಳು ಅವನ ಬೆನ್ನಿಗೆ ಹಣೆ ಒತ್ತಿ ಬಿಕ್ಕಿದಳು.

"ತಿರುಗಲಾ?" ಅವನು ಕೇಳಿದ.

"ಮತ್ತೆ ಓಡ್ತೀಯಾ?"

"ಇಲ್ಲ. ಇನ್ನು ಏನಿದ್ದರೂ ಮುಖ ಕೊಟ್ಟೇ ಜಗಳ."

"ಹಾಗಾದರೆ ತಿರುಗು..."